ಮೂರನೆಯ ಕುರ್ಚಿ

ಮದುವೆಯಾಗಿ ಮೂರು ವರ್ಷ ತುಂಬಿ, ಕೌನ್ಸೆಲಿಂಗಿಗೆ ಹೋಗಲೋ ಬೇಡವೋ ಎಂದು ಹೊಯ್ದಾಡುತ್ತಿರುವ ನಿನಗೆ,

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಈಗಾಗಲೇ ನಾಲ್ಕು ಜನ ಹೇಳಿರುತ್ತಾರೆ. ಅವರ ಮೇಲೆ ಸಿಟ್ಟಾಗಬೇಡ, ಗಾದೆಯಲ್ಲಿ ಅರ್ಧ ನಿಜವಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರು ದಂಪತಿಗಳನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಮೈಗೆ ತಂತಿ ಅಂಟಿಸಿ, ವಾದ ನಡೆಯುವಾಗ ಎದೆಬಡಿತ ಅಳೆದರು. ಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ, ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು ಎಂದರು. ಉಂಡು ಮಲಗುವುದರ ಲಾಭ ಅಷ್ಟು. ಬೆಳಗಾದ ಮೇಲೆ ಏನು ಎಂಬುದನ್ನು ಗಾದೆ ಹೇಳುವುದಿಲ್ಲ. ಅದೇ ಗಾಟ್‌ಮನ್ ಲೆಕ್ಕದಲ್ಲಿ ದಂಪತಿಗಳ ತಕರಾರುಗಳಲ್ಲಿ ಶೇ 69ರಷ್ಟು ಎಂದೂ ಬಗೆಹರಿಯದಂಥವು, ಅದೂ ಸುಖವಾಗಿರುವ ಜೋಡಿಗಳನ್ನು ಸೇರಿಸಿಯೇ. (ಸ್ವಲ್ಪ ಹೊತ್ತು ನೋಡಿ ಯಾರು ವಿಚ್ಛೇದನ ಪಡೆಯುತ್ತಾರೆಂದು ಹೇಳಬಲ್ಲೆ ಎಂಬ ಅವರ ಇನ್ನೊಂದು ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.) ತಕರಾರೇ ತೀರದೆಂದ ಮೇಲೆ ಯಾರದು ಸರಿ ಎಂಬ ತೀರ್ಪಿಗಾಗಿ ಕೌನ್ಸೆಲಿಂಗಿಗೆ ಹೋಗಬೇಡ. ಜಗಳಕ್ಕೆ ಅಂಟಿದ ಚಾಳಿ ಬಿಡಿಸಿಕೊಳ್ಳಲು ಹೋಗು.

ಒಂದು ಜಗಳವನ್ನೇ ಹತ್ತಿರದಿಂದ ನೋಡು. ಗಂಡ ಊರಿಗೆ ಹತ್ತು ಸಾವಿರ ಕಳಿಸಿದ್ದಾನೆ. "ನನಗೊಂದು ಮಾತು ಹೇಳಬಾರದಿತ್ತಾ?" ಎಂದು ಹೆಂಡತಿ ಕೇಳುತ್ತಾಳೆ. ಅವನು ಮೊಬೈಲಿನಿಂದ ಕಣ್ಣೆತ್ತದೆ "ಹೇಳಿದ್ರೆ ರಗಳೆ ತೆಗೀತೀಯ" ಎನ್ನುತ್ತಾನೆ. ಅವಳ ದನಿ ಏರುತ್ತದೆ. ಅವನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾನೆ. ಅವಳು ಬಾಗಿಲ ಈಚೆಯಿಂದಲೇ ಕಳೆದ ದೀಪಾವಳಿಯ ಲೆಕ್ಕವನ್ನೂ ತೆಗೆಯುತ್ತಾಳೆ. ಅವನು ಎದ್ದು ಹೋಗುತ್ತಾನೆಂದು ಇವಳು ಕೂಗುತ್ತಾಳೆ, ಇವಳು ಕೂಗುತ್ತಾಳೆಂದು ಅವನು ಎದ್ದು ಹೋಗುತ್ತಾನೆ. ಶುರು ಮಾಡಿದ್ದು ಯಾರು ಎಂದು ಕೇಳಿದರೆ ಇಬ್ಬರೂ ಪ್ರಾಮಾಣಿಕವಾಗಿಯೇ ಎದುರಿನವರತ್ತ ಕೈ ತೋರಿಸುತ್ತಾರೆ. 1980ರ ದಶಕದಲ್ಲಿ ಕೆನಡಾದಲ್ಲಿ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಚಿಕಿತ್ಸೆ ಕೈ ಹಾಕುವುದು ಈ ಗಾಣದ ಸುತ್ತಿಗೇ. ಹತ್ತು ಸಾವಿರದ ಗೊಡವೆಗೆ ಅದು ಹೋಗುವುದಿಲ್ಲ. ಕೂಗಿನ ಅಡಿಯಲ್ಲಿ "ಈ ಮನೇಲಿ ನಾನು ಲೆಕ್ಕಕ್ಕಿಲ್ಲವಾ" ಎಂಬ ಅಳುಕಿರುತ್ತದೆ, ಮೌನದ ಅಡಿಯಲ್ಲಿ "ಏನು ಮಾಡಿದ್ರೂ ತಪ್ಪೇ" ಎಂಬ ಸೋಲಿರುತ್ತದೆ. ಅದನ್ನು ಅವರವರ ಬಾಯಿಂದಲೇ, ಒಬ್ಬರಿಗೊಬ್ಬರು ಕೇಳುವಂತೆ ಹೇಳಿಸುವುದು ಮೂರನೆಯ ಕುರ್ಚಿಯಲ್ಲಿ ಕೂತವರ ಕೆಲಸ.

ಆ ಕುರ್ಚಿಯಲ್ಲಿ ಮನೆಯ ಹಿರಿಯರೇ ಕೂರಬಾರದೇಕೆ ಎಂದು ನೀನು ಕೇಳಬಹುದು. ಹಿರಿಯಳಾಗಿಯೇ ಹೇಳುತ್ತೇನೆ: ನಮ್ಮ ಕೈಲಿ ಆಗುವುದಿಲ್ಲ. ನಾವು ಯಾರದೋ ತಾಯಿ, ಯಾರದೋ ಅತ್ತೆ. ಇಬ್ಬರ ನಡುವೆ ಬಿಗಿ ಹೆಚ್ಚಿದಾಗ ಮೂರನೆಯವರನ್ನು ಒಳಗೆಳೆದುಕೊಂಡು ಹಗುರಾಗುವುದನ್ನು ಮನೋವೈದ್ಯ ಮರ್ರೆ ಬೋವೆನ್ ತ್ರಿಕೋನ ಎಂದು ಕರೆದರು. ಮಗ ತಾಯಿಯ ಹತ್ತಿರ ದೂರಿ ಹಗುರಾಗುತ್ತಾನೆ, ಆ ಭಾರ ಸೊಸೆಯ ತಲೆಗೆ ಬರುತ್ತದೆ. ಪಂಚಾಯ್ತಿ ಮುಗಿಯುವುದು ಹೆಚ್ಚಾಗಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ" ಎಂಬಲ್ಲಿಗೆ, ಆ ಅಮ್ಮ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಇದೆಲ್ಲ ಪರದೇಶದ ವಿದ್ಯೆ, ಕೂಡು ಕುಟುಂಬಕ್ಕೆ ಒಗ್ಗದು ಎಂಬ ಆಕ್ಷೇಪವೂ ಪೂರ್ತಿ ನಿಲ್ಲುವುದಿಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಅವರನ್ನೂ ಚಿಕಿತ್ಸೆಯ ಭಾಗವಾಗಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯ ಕೇಂದ್ರ ಶುರುವಾದದ್ದು 1977ರಲ್ಲಿ. ಇಂಥ ಚಿಕಿತ್ಸೆಯಲ್ಲಿ ಅತ್ತೆಯನ್ನೂ ಕರೆಸಿ ಕೂರಿಸಬೇಕಾದ ಸಂದರ್ಭವಿದ್ದರೆ ಕೂರಿಸಬಹುದು. ಆದರೆ ಆಗ ಆಕೆ ನ್ಯಾಯಾಧೀಶೆಯಲ್ಲ, ಸುತ್ತಿನಲ್ಲಿ ಸಿಕ್ಕ ಮತ್ತೊಬ್ಬಳು.

ಫಲ ಸಿಗುತ್ತದೆಯೇ? ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ದಾಂಪತ್ಯ ತೀರಾ ಹದಗೆಟ್ಟಿದ್ದ 134 ಜೋಡಿಗಳಿಗೆ ಹೆಚ್ಚೆಂದರೆ 26 ಭೇಟಿಗಳ ಚಿಕಿತ್ಸೆ ಕೊಟ್ಟು, ಐದು ವರ್ಷ ಬೆನ್ನು ಹತ್ತಿ ನೋಡಿದರು. ಸರಿಸುಮಾರು ಅರ್ಧದಷ್ಟು ಜೋಡಿಗಳು ಗಮನಾರ್ಹವಾಗಿ ಸುಧಾರಿಸಿದ್ದವು. ಕಾಲುಭಾಗಕ್ಕಿಂತ ತುಸು ಹೆಚ್ಚು ಬೇರೆಯಾಗಿದ್ದವು. ಅರ್ಧವೇ ತಾನೇ ಎಂದು ಮೂಗು ಮುರಿಯುವವರಿಗೆ ನನ್ನ ಉತ್ತರ ಇಷ್ಟೇ: ಕೈಬಿಟ್ಟುಹೋಗಿದ್ದ ಸಂಸಾರಗಳಲ್ಲಿ ಅರ್ಧ ಸಣ್ಣದಲ್ಲ. ಸೋರುವ ಸೂರನ್ನು ಮಳೆಗಾಲಕ್ಕೆ ಮೊದಲೇ ನೋಡಿಕೊಂಡವರಿಗೆ ಖರ್ಚು ಕಡಿಮೆ, ಆದ್ದರಿಂದ ತಡಮಾಡಬೇಡ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಹೇಳಿದ್ದೆಲ್ಲ ತಿರುಗಾಮುರುಗಾ. ಮನೆಯಲ್ಲಿ ಹೊಡೆತವಿದ್ದರೆ, ಬೆದರಿಕೆಯಿದ್ದರೆ, ಇಬ್ಬರೂ ಸೇರಿ ಮಾಡಿದ ಸುತ್ತು ಎಂಬ ಮಾತೇ ಅನ್ಯಾಯ. ಮೂರನೆಯವರ ಮುಂದೆ ಬಾಯಿಬಿಟ್ಟದ್ದಕ್ಕೆ ಮನೆಗೆ ಹೋದ ಮೇಲೆ ಮತ್ತೆ ಏಟು ಬೀಳಬಹುದು. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಿದೆ, 181 ಮಹಿಳಾ ಸಹಾಯವಾಣಿಯಿದೆ. ಉಳಿದವರು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕೂರಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.