ನಾಮಾನನ ಎಣಿಕೆಯೂ ದೇವರ ಮಾತೂ

ಪಾಠಭಾಗ: 2 ಅರಸುಗಳು 5:1–19. ಬಾಯಿಪಾಠ: ಜ್ಞಾನೋಕ್ತಿಗಳು 3:5, 6.



ದೇವರು ಬಹು ಕಷ್ಟವಾದ ಕಾರ್ಯವನ್ನು ಹೇಳಿದಾಗಲೇ ಮನುಷ್ಯನು ಎಡವುತ್ತಾನೆಂದು ನಾವು ನೆನಸುವದುಂಟು. ಆದರೆ ಅನೇಕ ವೇಳೆ ಆತನ ಮಾತು ಸುಲಭವಾಗಿಯೂ ಅಲ್ಪವಾಗಿಯೂ ತೋರುವದರಿಂದಲೇ ನಮ್ಮ ಬುದ್ಧಿಯು ಅದಕ್ಕೆ ಒಪ್ಪದೆ ಹೋಗುತ್ತದೆ. ಇದನ್ನು ಅರಾಮ್ಯರ ಸೇನಾಪತಿಯಾದ ನಾಮಾನನ ಚರಿತ್ರೆಯಿಂದ ಕಲಿಯೋಣ.

1. ನಾಮಾನನ ಎಣಿಕೆ

ನಾಮಾನನು ಪರಾಕ್ರಮಶಾಲಿಯು, ಅರಸನ ಮೆಚ್ಚಿಗೆಗೆ ಪಾತ್ರನು, ಆದರೆ ಕುಷ್ಠರೋಗಿಯು. ಇಸ್ರಾಯೇಲ್ ದೇಶದಿಂದ ಸೆರೆಯಾಗಿ ತರಲ್ಪಟ್ಟು ಅವನ ಮನೆಯಲ್ಲಿದ್ದ ಒಬ್ಬ ಹುಡುಗಿಯು, ಸಮಾರ್ಯದಲ್ಲಿ ಒಬ್ಬ ಪ್ರವಾದಿಯಿದ್ದಾನೆಂದು ತನ್ನ ಯಜಮಾನಿಗೆ ತಿಳಿಸಿದಳು. ದೇವರ ನಡಿಸುವಿಕೆಯು ಮೊದಲು ಬಂದದ್ದು ಒಬ್ಬ ದಾಸಿಯ ಬಾಯಿಂದ. ನಾಮಾನನಾದರೋ ಅರಸನ ಪತ್ರವನ್ನು ಹಿಡಿದು, ಹತ್ತು ತಲಾಂತು ಬೆಳ್ಳಿಯನ್ನೂ ಆರು ಸಾವಿರ ಶೆಕೆಲ್ ಬಂಗಾರವನ್ನೂ ಹೇರಿಕೊಂಡು ಹೊರಟನು. ಈಗಿನ ತೂಕದಲ್ಲಿ ಅದು ಸುಮಾರು 340 ಕಿಲೋ ಬೆಳ್ಳಿ, 68 ಕಿಲೋ ಬಂಗಾರ. ಇಷ್ಟು ತಂದವನು ತಕ್ಕ ಮರ್ಯಾದೆಯನ್ನು ಎದುರುನೋಡಿದ್ದು ಆಶ್ಚರ್ಯವಲ್ಲ.

ಆದರೆ ಎಲೀಷನು ಬಾಗಲಿಗೂ ಬರಲಿಲ್ಲ. ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಸ್ನಾನಮಾಡು ಎಂದು ಒಬ್ಬ ಆಳಿನ ಮೂಲಕ ಹೇಳಿಕಳುಹಿಸಿದನು. ನಾಮಾನನು ಕೋಪದಿಂದ ಹಿಂದಿರುಗಿದನು. ಪ್ರವಾದಿಯು ಹೊರಗೆ ಬಂದು, ತನ್ನ ದೇವರ ಹೆಸರೆತ್ತಿ, ರೋಗವಿದ್ದ ಸ್ಥಳದ ಮೇಲೆ ಕೈಯಾಡಿಸುವನೆಂದು ಅವನು ಮೊದಲೇ ಎಣಿಸಿಕೊಂಡಿದ್ದನು. ಅದಲ್ಲದೆ ದಮಸ್ಕದ ಹೊಳೆಗಳು ಯೊರ್ದನಿಗಿಂತ ಉತ್ತಮವಲ್ಲವೇ ಎಂದು ವಾದಿಸಿದನು. ಅವನು ಹೇಳಿದ ಅಬಾನಾ ಹೊಳೆಯು ಈಗಿನ ಬರದಾ ಹೊಳೆಯೆಂದು ಪಂಡಿತರು ಎಣಿಸುತ್ತಾರೆ. ಅದು ಬೆಟ್ಟಗಳಿಂದ ಇಳಿದುಬಂದು ದಮಸ್ಕದ ತೋಟಗಳಿಗೆ ನೀರುಣಿಸಿದ ಹೊಳೆ. ಯೊರ್ದನೋ ಸಮುದ್ರದ ಮಟ್ಟಕ್ಕಿಂತ ತಗ್ಗಾದ ಕಣಿವೆಯಲ್ಲಿ ಮಣ್ಣು ಕಲಸಿದ ನೀರಿನೊಡನೆ ಹರಿಯುತ್ತದೆ. ಹೀಗಿರಲಾಗಿ ನೀರಿನ ವಿಷಯದಲ್ಲಿ ಅವನ ತರ್ಕವು ತಪ್ಪಲ್ಲ. ಗುಣವಾಗುವದು ನೀರಿನಿಂದ ಎಂದು ಎಣಿಸಿದ್ದೇ ತಪ್ಪು. ಗುಣಪಡಿಸುವವನು ಮಾತು ಕೊಟ್ಟ ದೇವರು.

2. ಸೇವಕರ ವಿವೇಕ

ಆಗ ಅವನ ಸೇವಕರು ಹತ್ತಿರ ಬಂದು, ಪ್ರವಾದಿಯು ದೊಡ್ಡ ಕಾರ್ಯವನ್ನು ಹೇಳಿದ್ದರೆ ತಾವು ಮಾಡುತ್ತಿರಲಿಲ್ಲವೇ, ಈ ಚಿಕ್ಕದನ್ನು ಯಾಕೆ ಮಾಡಬಾರದು ಎಂದು ವಿನಯದಿಂದ ಕೇಳಿಕೊಂಡರು. ಇದೂ ತರ್ಕವೇ, ಆದರೆ ದೇವರ ಮಾತಿಗೆ ಒಳಪಟ್ಟ ತರ್ಕ. ಬುದ್ಧಿಯು ದೇವರು ಕೊಟ್ಟ ದಾನ. ಅದನ್ನು ಬಿಸಾಡಿಬಿಡಬೇಕೆಂದು ಸತ್ಯವೇದವು ಹೇಳುವದಿಲ್ಲ. ಎತ್ತಿಲ್ಲದೆ ನೇಗಿಲು ನಡೆಯದು. ಆದರೆ ಮೇಳಿಯನ್ನು ಹಿಡಿಯತಕ್ಕವನು ಒಕ್ಕಲಿಗನೇ ಹೊರತು ಎತ್ತಲ್ಲ. ನಮ್ಮ ಬುದ್ಧಿಯು ನೊಗದಲ್ಲಿರಲಿ. ಸಾಲು ಎಳೆಯುವವನು ದೇವರಾಗಿರಲಿ.

3. ಹೊಳೆಗೆ ಇಳಿದದ್ದು

ನಾಮಾನನು ರಥದಿಂದಲೂ ತನ್ನ ಹೆಚ್ಚಳದಿಂದಲೂ ಇಳಿದು ಹೊಳೆಯಲ್ಲಿ ಮುಳುಗಿದನು. ಮೊದಲನೆಯ ಸಾರಿ ಎದ್ದಾಗ ಏನು ಕಂಡನೋ ಗ್ರಂಥವು ಹೇಳುವದಿಲ್ಲ. ಹೇಳಿದಂತೆ ಏಳು ಸಾರಿ ಮುಳುಗಿದಾಗ ಶುದ್ಧನಾದನೆಂದು ಹೇಳುತ್ತದೆ. ಆರನೆಯ ಸಾರಿಗೇ ದಡ ಹತ್ತಿದ್ದರೆ ಆಜ್ಞೆಯು ನೆರವೇರಿದಂತಾಗುತ್ತಿರಲಿಲ್ಲ. ಅವನು ತಂದ ಬೆಳ್ಳಿಬಂಗಾರವನ್ನು ಎಲೀಷನು ಮುಟ್ಟಲಿಲ್ಲ. ಯಾಕಂದರೆ ದೇವರ ಕೃಪೆಯು ಕ್ರಯಕ್ಕೆ ಸಿಕ್ಕುವದಲ್ಲ.

4. ನಮಗೆ ಬುದ್ಧಿವಾದ

ನಮ್ಮ ಸಭೆಗಳಲ್ಲಿ ಹೊಲದ ಬದುವಿಗಾಗಿಯೋ ಮನೆಯ ಪಾಲಿಗಾಗಿಯೋ ಅಣ್ಣತಮ್ಮಂದಿರು ಜಗಳವಾಡಿ, ಒಂದೇ ಗೋಡೆಯ ಎರಡು ಕಡೆ ಇದ್ದರೂ ಮಾತುಬಿಟ್ಟಿರುವದುಂಟು. ಇಂಥವನು ದೇವಾಲಯದ ಹಂಚಿಗೆ ಹಣ ಕೊಟ್ಟಾನು, ಉಪವಾಸ ಮಾಡ್ಯಾನು, ರಾತ್ರಿಯೆಲ್ಲಾ ಪ್ರಾರ್ಥಿಸ್ಯಾನು. ಆದರೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂಬ ಕರ್ತನ ಅಪ್ಪಣೆಗೆ (ಮತ್ತಾಯ 5:23, 24) ಹತ್ತು ಹೆಜ್ಜೆ ನಡೆಯಲಾರನು. “ನಾನು ಹಿರಿಯನು, ನಾನು ಯಾಕೆ ಮೊದಲು ಹೋಗಬೇಕು? ಹೋದರೆ ಬದುವೂ ಹೋದೀತು” ಎಂದು ಬುದ್ಧಿಯು ಲೆಕ್ಕಹಾಕುತ್ತದೆ. ಪ್ರಿಯನೇ, ತಮ್ಮನ ಹೊಸ್ತಿಲೇ ನಿನ್ನ ಯೊರ್ದನ್. ಅವನು ಮೊದಲನೆಯ ದಿನ ಬಾಗಲು ತೆರೆಯದಿದ್ದರೆ ನಾಮಾನನ ಏಳು ಸಾರಿಯನ್ನು ನೆನಸಿಕೋ. ತಮ್ಮನು ಒಲಿಯುವನೋ ಇಲ್ಲವೋ, ಬದುವು ಉಳಿಯುವದೋ ಇಲ್ಲವೋ, ಅದು ಕರ್ತನ ಕೈಯಲ್ಲಿದೆ. ಹೋಗುವದು ನಿನ್ನ ಪಾಲು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಮನಸ್ಸಿಗೆ ಹೊಳೆದದ್ದೆಲ್ಲಾ ದೇವರ ನಡಿಸುವಿಕೆಯಲ್ಲ. ಕನಸು ಬಿತ್ತೆಂದು ಔಷಧವನ್ನು ಬಿಡುವದು ವಿಶ್ವಾಸವಲ್ಲ. ಕುಷ್ಠರೋಗವು ಈಗ 6ರಿಂದ 12 ತಿಂಗಳ ಮಾತ್ರೆಗಳಿಂದ ವಾಸಿಯಾಗುತ್ತದೆ. ಆ ಔಷಧವೂ ದೇವರ ದಯೆಯೇ. ಬಂದ ಆಲೋಚನೆಯನ್ನು ಸತ್ಯವೇದದೊಡನೆ ಹೋಲಿಸಿರಿ, ಸಭೆಯ ಹಿರಿಯರನ್ನು ಕೇಳಿರಿ. ಸ್ಪಷ್ಟವಾಗಿ ಬರೆದಿರುವ ಆಜ್ಞೆಗಾದರೋ ಬೇರೆ ಗುರುತನ್ನು ಕಾಯಬೇಡಿರಿ.

ನಾಮಾನನು ಅನ್ಯನಾಗಿದ್ದರೂ ಶುದ್ಧನಾದನೆಂದು ನಮ್ಮ ಕರ್ತನೇ ನಜರೇತಿನಲ್ಲಿ ಎತ್ತಿಹೇಳಿದನು (ಲೂಕ 4:27). ಆ ದಿನ ಕೇಳಿದವರು ಸಿಟ್ಟುಗೊಂಡರು. ನಾವು ಸಿಟ್ಟುಗೊಳ್ಳದೆ ಇಳಿಯೋಣ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು
1. ನಾಮಾನನು ಯಾವ ಎರಡು ಕಾರಣಗಳಿಂದ ಕೋಪಗೊಂಡನು?
2. ಸೇವಕರ ತರ್ಕಕ್ಕೂ ಅವನ ತರ್ಕಕ್ಕೂ ಭೇದವೇನು?
3. ಈ ವಾರ ನಾನು ಇಳಿಯಬೇಕಾದ ಯೊರ್ದನ್ ಯಾವದು?