ಗಣಕಯಂತ್ರದ ಎಸ್‌ಎಂಪಿಎಸ್ ಫ್ಯಾನಿನ ಸದ್ದು: ಕಾರಣ, ಪರಿಶೀಲನೆ ಹಾಗೂ ಕೈಗೊಳ್ಳಬೇಕಾದ ಕ್ರಮ

ಪಂಚತಂತ್ರದ ನಮೂದು, ತೆರಿಗೆ ರಸೀದಿ, ಇ-ಸ್ವತ್ತಿನ ನಮೂನೆ 9 ಮತ್ತು 11 ಮೊದಲಾದ ಸೇವೆಗಳಿಗೆ ಗ್ರಾಮ ಪಂಚಾಯಿತಿಗಳು ಇಂದು ಒಂದೆರಡು ಗಣಕಯಂತ್ರಗಳನ್ನೇ ಅವಲಂಬಿಸಿವೆ. ಯಂತ್ರ ನಿಂತ ದಿನ, ಕೂಲಿ ಬಿಟ್ಟು ಕಚೇರಿಗೆ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಹೀಗೆ ನಿಲ್ಲುವ ಯಂತ್ರಗಳಲ್ಲಿ ಹಲವು, ಮೊದಲೇ ಸದ್ದಿನ ಮೂಲಕ ಮುನ್ಸೂಚನೆ ನೀಡಿರುತ್ತವೆ. ಆ ಸೂಚನೆಯನ್ನು ಅರಿಯುವ ಬಗೆಯನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಘಟಕದ ಕಾರ್ಯ

ಸಿಪಿಯು ಪೆಟ್ಟಿಗೆಯ ಹಿಂಬದಿಯಲ್ಲಿ ವಿದ್ಯುತ್ ತಂತಿ ಸೇರುವ ಲೋಹದ ಡಬ್ಬಿಯೇ ಎಸ್‌ಎಂಪಿಎಸ್. ಇದು 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು 12, 5 ಹಾಗೂ 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಈ ಕ್ರಿಯೆಯಲ್ಲಿ ಹುಟ್ಟುವ ಶಾಖವನ್ನು ಹೊರದೂಡುವುದು ಅದರ ಫ್ಯಾನಿನ ಕೆಲಸ. ಫ್ಯಾನ್ ಕುಂಠಿತವಾದರೆ ಒಳಗಿನ ಕೆಪಾಸಿಟರ್‌ಗಳು ಬಿಸಿಯಾಗುತ್ತವೆ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದಾಗ ಅವುಗಳ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಾಂತ್ರಿಕ ವಲಯದಲ್ಲಿ ಬಳಕೆಯಲ್ಲಿರುವ ಅಂದಾಜು.

2. ಸದ್ದಿನ ಮೂಲವನ್ನು ಗುರುತಿಸುವುದು

ಪ್ರೊಸೆಸರ್ ಮೇಲೆ ಒಂದು ಫ್ಯಾನ್ ಇರುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಪ್ರತ್ಯೇಕ ಫ್ಯಾನ್ ಸಹ ಇರುತ್ತದೆ. ಆದುದರಿಂದ ಮೊದಲು ಮೂಲವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಪೆಟ್ಟಿಗೆಯ ಹೊರಗಿನಿಂದಲೇ ಬೇರೆ ಬೇರೆ ಭಾಗಗಳತ್ತ ಸರಿಸಿದರೆ ಸದ್ದು ಹುಟ್ಟುವ ಸ್ಥಳ ತಿಳಿಯುತ್ತದೆ. ಬಳಿಕ ಎಸ್‌ಎಂಪಿಎಸ್ ಹಿಂಬದಿಯ ಜಾಲರಿಯ ಎದುರು ತೆಳುವಾದ ಕಾಗದದ ಚೂರನ್ನು ಹಿಡಿಯಬೇಕು. ಸುಸ್ಥಿತಿಯಲ್ಲಿದ್ದರೆ ಗಾಳಿ ಅದನ್ನು ಹೊರಕ್ಕೆ ತಳ್ಳುತ್ತದೆ.

3. ಸದ್ದಿನ ಬಗೆ ಮತ್ತು ಸಂಭವನೀಯ ಕಾರಣ

ಅ) ಬೆಳಿಗ್ಗೆ ಚಾಲೂ ಮಾಡಿದಾಗ ಗರಗರ ಸದ್ದು ಬಂದು, ಕೆಲವು ನಿಮಿಷಗಳಲ್ಲಿ ಕಡಿಮೆಯಾಗುವುದು: ಬೇರಿಂಗ್‌ನ ಜಿಡ್ಡು ಒಣಗಿದೆ. ಫ್ಯಾನ್ ಸವೆಯುತ್ತಿದೆ ಎಂದರ್ಥ.
ಆ) ಒಂದೇ ಲಯದ ಟಕಟಕ ಸದ್ದು: ಯಾವುದೋ ತಂತಿ ಫ್ಯಾನಿನ ರೆಕ್ಕೆಗೆ ತಗಲುತ್ತಿರಬಹುದು.
ಇ) ಪೆಟ್ಟಿಗೆಯನ್ನು ಕೈಯಿಂದ ಒತ್ತಿದರೆ ನಿಲ್ಲುವ ಕಂಪನ: ಸ್ಕ್ರೂಗಳು ಸಡಿಲಗೊಂಡಿವೆ.
ಈ) ಜೋರಾಗಿ ಗಾಳಿ ಬೀಸಿದಂತಹ ಸದ್ದು: ಧೂಳು ಕಟ್ಟಿಕೊಂಡು ಶಾಖ ಹೆಚ್ಚಿದೆ.
ಉ) ಸಣ್ಣ ದನಿಯ ಕೀರಲು ಸದ್ದು: ಇದು ಫ್ಯಾನಿನದ್ದಾಗಿರದೆ ವಿದ್ಯುತ್ ಸುರುಳಿಯ ಕಂಪನವಾಗಿರಬಹುದು. ಇದರಿಂದ ಸಾಮಾನ್ಯವಾಗಿ ಅಪಾಯವಿಲ್ಲ.

4. ಕಚೇರಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮ

ಮೊದಲು ದತ್ತಾಂಶದ ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳತಕ್ಕದ್ದು. ಯಂತ್ರವನ್ನು ಸ್ಥಗಿತಗೊಳಿಸಿ, ಯುಪಿಎಸ್‌ನಿಂದ ತಂತಿಯನ್ನು ಕಳಚಿದ ಬಳಿಕವೇ ಮುಂದುವರಿಯಬೇಕು. ಒಣ ಬ್ರಷ್‌ನಿಂದ ಜಾಲರಿಯ ಧೂಳನ್ನು ತೆಗೆಯಬಹುದು. ಬ್ಲೋವರ್ ಬಳಸುವುದಾದರೆ ರೆಕ್ಕೆ ತಿರುಗದಂತೆ ಜಾಲರಿಯ ಮೂಲಕ ತೆಳು ಮರದ ಕಡ್ಡಿಯಿಂದ ಹಗುರವಾಗಿ ತಡೆಹಿಡಿದು, ಕೆಲಸ ಮುಗಿದೊಡನೆ ಕಡ್ಡಿಯನ್ನು ಹೊರತೆಗೆಯಬೇಕು. ಹಿಂಬದಿಯ ಸ್ಕ್ರೂಗಳನ್ನು ಬಿಗಿಗೊಳಿಸಿ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣಿನಷ್ಟಾದರೂ ದೂರವಿಡಬೇಕು. ಕಡತಗಳ ಕಟ್ಟು ಅಥವಾ ಹೊದಿಕೆಯ ಬಟ್ಟೆಯಿಂದ ಜಾಲರಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

5. ಮಾಡಲೇಬಾರದ ಕೆಲಸಗಳು

ಎಸ್‌ಎಂಪಿಎಸ್ ಡಬ್ಬಿಯನ್ನು ಕಚೇರಿ ಸಿಬ್ಬಂದಿ ತೆರೆಯತಕ್ಕದ್ದಲ್ಲ. ಅದರ ಮುಖ್ಯ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮಿಗಿಲಾದ ನೇರ ವಿದ್ಯುತ್ ಇರುತ್ತದೆ. ತಂತಿ ಕಳಚಿದ ನಂತರವೂ ಅದು ಉಳಿದಿದ್ದು ಪ್ರಾಣಕ್ಕೆ ಕುತ್ತು ತರಬಲ್ಲದು. ಸದ್ದು ಅಡಗಿಸಲು ಜಾಲರಿಯ ಮೂಲಕ ಕೊಬ್ಬರಿ ಎಣ್ಣೆ ಬಿಡುವ ರೂಢಿಯನ್ನು ಕೈಬಿಡಬೇಕು. ಎಣ್ಣೆ ಕೆಲವು ದಿನ ಸದ್ದನ್ನು ಮರೆಮಾಚಿ, ನಂತರ ಧೂಳಿನೊಡನೆ ಸೇರಿ ಅಂಟಾಗುತ್ತದೆ. ಯಂತ್ರ ಚಾಲನೆಯಲ್ಲಿರುವಾಗ ಫ್ಯಾನಿಗೆ ಕಡ್ಡಿ ತೂರಿಸುವುದೂ ಸಲ್ಲದು.

6. ಬದಲಿಸಬೇಕಾದ ಸಂದರ್ಭ

ಸ್ವಚ್ಛಗೊಳಿಸಿದ ನಂತರವೂ ಗರಗರ ಸದ್ದು ಮುಂದುವರಿದರೆ, ಜಾಲರಿಯಿಂದ ಗಾಳಿ ಬಾರದಿದ್ದರೆ ಅಥವಾ ಯಂತ್ರ ತಾನಾಗಿಯೇ ನಿಂತುಹೋಗುತ್ತಿದ್ದರೆ ತಂತ್ರಜ್ಞರಿಂದ ತಪಾಸಣೆ ಮಾಡಿಸಬೇಕು. 12 ವೋಲ್ಟ್ ಮಾರ್ಗದಲ್ಲಿ 11.4ರಿಂದ 12.6, 5 ವೋಲ್ಟ್ ಮಾರ್ಗದಲ್ಲಿ 4.75ರಿಂದ 5.25 ವೋಲ್ಟ್ ಇರುವುದು ಅಂಗೀಕೃತ ಮಿತಿ. ಸುಟ್ಟ ವಾಸನೆ ಬಂದಲ್ಲಿ ತಪಾಸಣೆಗೆ ಕಾಯದೆ ತಕ್ಷಣವೇ ವಿದ್ಯುತ್ ಸಂಪರ್ಕ ಕಡಿತಗೊಳಿಸಬೇಕು.

ವಾರಂಟಿ ಅವಧಿಯಲ್ಲಿದ್ದರೆ ಸರಬರಾಜುದಾರರಿಗೆ ಲಿಖಿತ ದೂರು ಸಲ್ಲಿಸಬೇಕು. ಅವಧಿ ಮೀರಿದ್ದರೆ ಹಳೆಯ ಘಟಕದ ಚೀಟಿಯಲ್ಲಿರುವ ವ್ಯಾಟ್ ಪ್ರಮಾಣಕ್ಕೆ ಸಮನಾದ ಅಥವಾ ಅದಕ್ಕಿಂತ ಹೆಚ್ಚಿನ ಘಟಕವನ್ನು ಖರೀದಿಸಬೇಕು. ಕೆಲವು ಕಂಪನಿಗಳ ಯಂತ್ರಗಳಲ್ಲಿ ಘಟಕದ ಅಳತೆ ಮತ್ತು ಕನೆಕ್ಟರ್ ಭಿನ್ನವಾಗಿರುವುದರಿಂದ ಮಾದರಿ ಸಂಖ್ಯೆಯನ್ನು ತಾಳೆ ನೋಡುವುದು ಅಗತ್ಯ. ಹೊಸ ಘಟಕವನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಹಳೆಯದನ್ನು 2022ರ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳನ್ವಯ ನೋಂದಾಯಿತ ಸಂಸ್ಥೆಯ ಮೂಲಕವೇ ವಿಲೇವಾರಿ ಮಾಡತಕ್ಕದ್ದು. ಗುಜರಿಗೆ ಹಾಕಬಾರದು.

ಪ್ರತಿ ಮೂರು ತಿಂಗಳಿಗೊಮ್ಮೆ ಧೂಳು ತೆಗೆದು, ಕಾಗದದ ಚೂರಿನ ಪರೀಕ್ಷೆ ನಡೆಸಿ, ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಸೂಕ್ತ. ಇದಕ್ಕೆ ಹತ್ತು ನಿಮಿಷ ಸಾಕು. ಯಂತ್ರ ಒಮ್ಮೆ ಕೆಟ್ಟರೆ ತಾಲ್ಲೂಕು ಕೇಂದ್ರದಿಂದ ತಂತ್ರಜ್ಞರು ಬರುವವರೆಗೆ ಸಾರ್ವಜನಿಕರ ಅರ್ಜಿಗಳೆಲ್ಲವೂ ಮೇಜಿನ ಮೇಲೆಯೇ ಉಳಿಯುತ್ತವೆ ಎಂಬುದನ್ನು ಎಲ್ಲ ಸಿಬ್ಬಂದಿ ಗಮನದಲ್ಲಿಡಬೇಕಾಗಿ ಕೋರಲಾಗಿದೆ.