ಕಾರಿನ ಬಣ್ಣವನ್ನು ಕಾಪಾಡುವ ಬಗೆ

ಕೆಮ್ಮಣ್ಣುಗುಂಡಿಯ ಅದಿರು ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ. 1923ರಲ್ಲಿ ಕೆಲಸಕ್ಕೆ ತೊಡಗಿದ ಭದ್ರಾವತಿಯ ಕುಲುಮೆಯಲ್ಲಿ ಇದ್ದಿಲಿನ ನೆರವಿನಿಂದ ಈ ಆಮ್ಲಜನಕವನ್ನು ಬೇರ್ಪಡಿಸಿ ಕಬ್ಬಿಣವನ್ನು ಪಡೆದರು. ಅದೇ ಊರಿನ ಹೊಸಮನೆಯಲ್ಲಿ ಮಳೆಗೆ ನಿಂತ ಕಾರಿನ ಉಕ್ಕು, ಗಾಳಿ ನೀರುಗಳ ಸಂಗದಿಂದ ಮತ್ತೆ ಆಮ್ಲಜನಕದೊಡನೆ ಕೂಡುತ್ತದೆ. ಇದೇ ತುಕ್ಕು. ಇದನ್ನು ತಡೆಯುವ ಪ್ರೈಮರು, ಬಣ್ಣ, ಪಾರದರ್ಶಕ ಲೇಪಗಳೆಲ್ಲ ಸೇರಿದರೂ ಸುಮಾರು 0.1 ಮಿಲಿಮೀಟರು ದಪ್ಪ ಮಾತ್ರ!

ಬಣ್ಣ ಮಂಕಾಗುವುದೇಕೆ? ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ಗೀರು ಬಿದ್ದ ಮೈ ಅದನ್ನು ಚದುರಿಸುತ್ತದೆ. ಪಾಲಿಷಿನಲ್ಲಿರುವ ನುಣ್ಣನೆಯ ಪುಡಿ ಗೀರಿನ ಸುತ್ತಲಿನ ಲೇಪವನ್ನು ಸವೆಸಿ ಸಮಮಾಡುತ್ತದೆ. ಎಂದರೆ, ಹೊಳಪಿಗೆ ನಾವು ಲೇಪವನ್ನೇ ಬೆಲೆಯಾಗಿ ತೆರುತ್ತೇವೆ. ಆದಕಾರಣ ಅಗತ್ಯಕ್ಕಿಂತ ಹೆಚ್ಚಾಗಿ ಉಜ್ಜಬಾರದು.

ಮೊದಲು ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಧಾರಾಳವಾಗಿ ನೀರು ಸುರಿದು ಧೂಳನ್ನು ಕಳೆಯೋಣ. ಒಣಬಟ್ಟೆಯಿಂದ ಧೂಳನ್ನು ಒರೆಸಿದರೆ ಮರಳಿನ ಕಣಗಳೇ ಗೀರುತ್ತವೆ. ಅನಂತರ ಎರಡು ಬಕೆಟ್ಟುಗಳನ್ನು ಇಟ್ಟುಕೊಳ್ಳೋಣ: ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸಲು ತಿಳಿನೀರು. ತೊಳೆದ ಮೇಲೂ ಮಂಕಾಗಿ ಉಳಿದ ಕಡೆ ಮಾತ್ರ, ಮೆದು ಬಟ್ಟೆಯಿಂದ ಪಾಲಿಷನ್ನು ಹಗುರವಾಗಿ ತಿಕ್ಕಬೇಕು. ಉಗುರಿಗೆ ತಾಕುವ ಗೀರು ಆಳವಾದುದು. ಪಾಲಿಷಿನಿಂದ ಅದನ್ನು ಅಳಿಸಲು ಹೋಗಬಾರದು. ಲೋಹ ಕಂಡಿದ್ದರೆ ತುಕ್ಕನ್ನು ನಯವಾದ ಎಮರಿ ಕಾಗದದಿಂದ ತೆಗೆದು, ಒರೆಸಿ, ಪ್ರೈಮರನ್ನೂ, ಅದು ಒಣಗಿದ ಮೇಲೆ ಬಣ್ಣವನ್ನೂ ಹಚ್ಚಬೇಕು.

ಕೊನೆಯದು ಮೇಣ. ಇದು ಗೀರನ್ನು ಅಳಿಸದಿದ್ದರೂ ನೀರನ್ನು ದೂರವಿಡುತ್ತದೆ. ಇದರ ಪರೀಕ್ಷೆಗೆ ಖರ್ಚಿಲ್ಲ: ಸ್ವಚ್ಛವಾದ ಮೈಮೇಲೆ ನೀರು ಚಿಮುಕಿಸಿದಾಗ ಹನಿಗಳು ಗುಂಡಾಗಿ ನಿಂತರೆ ಮೇಣವಿದೆ, ಹರಡಿಕೊಂಡರೆ ಮತ್ತೆ ಹಚ್ಚುವ ಕಾಲ ಬಂದಿತೆಂದು ತಿಳಿಯಬೇಕು.